ಒದ್ದೆ ಕೌದಿ

೧೪ ಜೂನ್ ೧೯೮೩, ದೇವದುರ್ಗ

ಮೇಲೆ ನೂರಾ ತೊಂಬತ್ತು, ಕೆಳಗೆ ನೂರಾ ಹದಿನೈದು. ರಾಯಚೂರಿನ ದೊಡ್ಡ ದವಾಖಾನೆಯ ಡಾಕ್ಟರಮ್ಮ ತೋಳಿಗೆ ಸುತ್ತಿದ ಪಟ್ಟಿ ಬಿಚ್ಚಿದಳು, ಮತ್ತೆ ಸುತ್ತಿದಳು, ಮತ್ತೆ ಗಾಳಿ ಊದಿದಳು. ಅದೇ ಲೆಕ್ಕ. "ಮೂವತ್ತಾರಕ್ಕ ಇಷ್ಟ್ಯಾಕ್ರೀ ಬಿ.ಪಿ.?" ಎಂದು ನನ್ನನ್ನೇ ಕೇಳಿದಳು. ನನಗೆ ಗೊತ್ತಿದ್ದರೆ ಅವಳ ಮುಂದೆ ಯಾಕೆ ಅಂಗಿ ಎತ್ತಿಕೊಂಡು ಮಲಗುತ್ತಿದ್ದೆ?

ಅಂಗಿ ಎತ್ತಿದ್ದೇ ತಪ್ಪಾಯಿತು. ಹೊಕ್ಕುಳದ ಕೆಳಗಿನ ಗೆರೆಗಳನ್ನು ಅವಳು ನೋಡಿದಳು.

"ಇವೇನು?"

"ಬರಿ ಅಮ್ಮಾರ. ಸಣ್ಣಾವಿದ್ದಾಗ ಕಬ್ಬಿಣ ಕಾಸಿ ಎಳದಾರ."

"ಯಾತಕ್ಕ?"

"ನೆನಪಿಲ್ರೀ."

"ಮನ್ಯಾಗ ಹೊಡೆತ ಬಡಿತ ಭಾಳ ಇತ್ತೇನು?"

"ಹೊಡೆತ ಯಾರ ಮನ್ಯಾಗಿಲ್ರೀ? ನಿಮ್ಮ ಮನ್ಯಾಗ ಇರ್ಲಿಲ್ಲೇನು?"

ಅವಳು ನಗಲಿಲ್ಲ. ಹೇಳಿದ್ದಿಷ್ಟು: "ಹೆದರಿಕೊಂಡು ಬೆಳೆದ ಮೈ ಹಿಂಗಾ ಇರ್ತದ. ಬಡಿಯೋರು ಸತ್ತು ಹೋದ ಮ್ಯಾಲೂ ಯಾರೋ ಬಂದ್ರು ಬಂದ್ರು ಅಂತ ಬಿಗಿ ಹಿಡಕೊಂಡು ಕುಂತಿರ್ತದ. ಎದಿ, ರಗತದ ನಾಳ, ಹೊಟ್ಟಿ, ಯಾವುದೂ ಸಡ್ಲ ಬಿಡಂಗಿಲ್ಲ. ಗುಳಿಗಿ ಕೊಡ್ತೀನಿ. ತಲಿನೋವು ಬಂದ ದಿನ, ಸಿಟ್ಟು ಬಂದ ದಿನ ಒಂದು ಬುಕ್ಕಿನ್ಯಾಗ ಬರದಿಡ್ರಿ. ಯಾರಿಗೂ ತೋರ್ಸೂದು ಬ್ಯಾಡ, ನನಗೂ ಬ್ಯಾಡ."

ಅದಕ್ಕೇ ಈ ಬುಕ್ಕು. ಆಫೀಸಿನ ಹಳೆಯ ಮಲೇರಿಯಾ ರಿಜಿಸ್ಟರು, ಹಿಂದಿನ ಅರ್ಧ ಖಾಲಿ ಇತ್ತು.

ಹೆದರಿಕೆಯಂತೆ! ಇಪ್ಪತ್ತೆರಡು ಹಳ್ಳಿಗೆ ಸೈಕಲ್ ತುಳಿಯುತ್ತೇನೆ, ಜ್ವರ ಬಂದವರ ಬೆರಳು ಚುಚ್ಚಿ ಗಾಜಿನ ಮೇಲೆ ರಕ್ತ ಒರೆಸಿಕೊಳ್ಳುತ್ತೇನೆ. 'ರಗತದ ದುರುಗಪ್ಪ ಬಂದ' ಎಂದರೆ ಹುಡುಗರು ಕಣಜದ ಹಿಂದೆ ಅಡಗುತ್ತವೆ. ನನ್ನನ್ನು ಕಂಡು ಊರು ಹೆದರುತ್ತದೆ. ನಾನು ಏಟು ತಿಂದೇ ಬೆಳೆದವನು. ನನಗೇನಾಗಿದೆ? ಬಿ.ಪಿ. ಆಗಿದೆ, ಅಷ್ಟೇ.

೧೭ ಜೂನ್

ತಲೆನೋವು ಇದೆ. ಸಿಟ್ಟು ಬಂತು.

ಅದು ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ದಿದೆ. ಒಬ್ಬಳೇ ಮಗಳು, ಬಾಲಮ್ಮ ಎಂದು ಹೆಸರು, ಎಂಟು ತುಂಬಿ ಒಂಬತ್ತಕ್ಕೆ ಬಿದ್ದಿದೆ. ಎರಡು ವರ್ಷದ ಹಿಂದೆ ಎಲ್ಲ ಸರಿಯಿತ್ತು, ಈಗ ದಿನಾ ಕೌದಿ ಒದ್ದೆ. ಅವ್ವ ಬೆಳಿಗ್ಗೆಯೇ ಒದ್ದೆ ಕೌದಿಯನ್ನು ಅದರ ತಲೆಯ ಮೇಲೆ ಹೊರಿಸಿ ಮನೆಯಿಂದ ಓಣಿಯ ನಳದವರೆಗೆ ನಡೆಸಿದಳು. ಹಿಂದೆ ಹುಡುಗರ ಹಿಂಡು, "ಉಚ್ಚವ್ವ ಬಂದಳು, ದಾರಿ ಬಿಡ್ರಿ!" ನಾಚಿಕೆಯಾದರೆ ಬಿಡುತ್ತದೆ ಎಂದು ಅವ್ವನ ಲೆಕ್ಕ. ನಾಚಿಕೆ ಆಗಿದ್ದು ನನಗೆ. ಸರ್ಕಾರಿ ನೌಕರನ ಮಗಳು! ಒಳಗೆ ಕರೆದು ಬೆಲ್ಟಿನಿಂದ ನಾಲ್ಕು ಬಿಟ್ಟೆ. ಹೆಂಡತಿ ಅಯ್ಯಮ್ಮ ಒಲೆ ಊದುತ್ತಲೇ ಇದ್ದಳು. ಒಲೆ ಆಗಲೇ ಧಗಧಗ ಉರಿಯುತ್ತಿತ್ತು.

ಆಮೇಲೆ ಡ್ಯೂಟಿಗೆ ಹೋದೆ. ಒಂದು ಮನೆಯಲ್ಲಿ ಕಾಮಾಲೆಯಾದ ಕೂಸಿಗೆ ಬರೆ ಹಾಕಿಸಿದ್ದರು. ನನಗೆ ಉರಿದುಹೋಯಿತು. ಚೀಲದಿಂದ ಸರ್ಕಾರದ ಚಿತ್ರಪಟ ತೆಗೆದು ಅರ್ಧ ತಾಸು ಭಾಷಣ ಮಾಡಿದೆ. ಕಬ್ಬಿಣಕ್ಕೂ ರೋಗಕ್ಕೂ ಏನು ಸಂಬಂಧ, ನೀವು ಮನುಷ್ಯರೋ ಕಟುಕರೋ ಎಂದೆ. ಪಟ ಮೇಲೆತ್ತಿ ಹಿಡಿದಿದ್ದಾಗ ಅಂಗಿ ಜಗ್ಗಿತು. ಮೂಲೆಯಲ್ಲಿದ್ದ ಮುದುಕಿ, "ಹಂಗಾದ್ರ ನಿನ್ನ ಹೊಟ್ಟಿ ಮ್ಯಾಲ ಏನು ಹಲ್ಲಿ ಹರದಾಡ್ಯಾವೇನೋ ಯಪ್ಪಾ?" ಎಂದಳು. ಮನೆಮಂದಿಯೆಲ್ಲ ನಕ್ಕರು.

೨೬ ಜೂನ್

ತಲೆನೋವು. ಸಿಟ್ಟು.

ಅವ್ವ ಹೇಳಿದಳು: "ಲೇ ದುರುಗ್ಯಾ, ನೀನೂ ಹಿಂಗಾ ಹೊಯ್ಕೋತಿದ್ದಿ. ಗುಂಜಳ್ಳಿಗೆ ಹೋಗಿ ನಮ್ಮಣ್ಣ ಕನಕರಾಯನ ಕೈಲಿ ಹೊಕ್ಕಳದ ಕೆಳಗ ಬರಿ ಎಳಿಸಿದೆ. ಆವತ್ತಿಗೆ ನಿಂತಿತು. ಇದಕ್ಕೂ ಎಳಸು."

"ಯವ್ವಾ, ನಾನಾ ಊರ ಮಂದಿಗೆ ಬ್ಯಾಡ ಅಂತ ಹೇಳ್ತೀನಿ."

"ಊರ ಮಂದಿಗೆ ಹೇಳಾಕ ಸರ್ಕಾರ ಪಗಾರ ಕೊಡ್ತದ. ಮನಿ ಮಗಳಿಗೆ ಯಾರು ಕೊಡ್ತಾರ? ನಾಳೆ ದೊಡ್ಡಾಕಿ ಆಗ್ತಾಳ. ಉಚ್ಚಿ ಹೊಯ್ಯೋ ಹುಡುಗೀನ ಯಾವನು ಕಟಿಗೋತಾನ?"

ಅವ್ವನ ಮುಂದಿನ ಎರಡು ಹಲ್ಲು ಇಲ್ಲ. ಅಪ್ಪ ಉದುರಿಸಿದ್ದು. ಹೊಟ್ಟೆಯಲ್ಲಿ ಬೆಂಕಿ ಇಟ್ಟ ಹಾಗಾಗುತ್ತದೆ ಎಂದು ಇಪ್ಪತ್ತು ವರ್ಷದಿಂದ ಸೋಡಾಪುಡಿ ನುಂಗುತ್ತಾಳೆ. "ನಿಮ್ಮಪ್ಪ ಯಮನೂರಪ್ಪ ಬಡದ ಬಡತಕ್ಕ ನಾ ಸತ್ನೇನು? ನೀ ಸತ್ತೇನು?" ಎನ್ನುತ್ತಾಳೆ. ಸತ್ತಿಲ್ಲ, ನಿಜ.

ಬರೆ ಹಾಕಿದ ಮೇಲೆ ನನ್ನದು ನಿಂತಿತ್ತು ಎಂಬುದೂ ನಿಜ.

೩ ಜುಲೈ

ಈ ಓಣಿಯ ಹೆಂಗಸರ ಮುಖಕ್ಕೆ ನನ್ನ ಎಕ್ಕಡ.

ಬೆಳಿಗ್ಗೆ ಬೆಲ್ಟು ತೆಗೆದಿದ್ದೆ. ಮೂರನೆಯ ಏಟಿಗೆ ಬಾಗಿಲ ಹೊರಗೆ ಢಣಢಣ ಸದ್ದು. ಮೊದಲು ಒಂದು, ಆಮೇಲೆ ಹತ್ತು. ಬಾಗಿಲು ತೆಗೆದರೆ ಹತ್ತು ಹನ್ನೆರಡು ಹೆಂಗಸರು ಸಾಲಾಗಿ ನಿಂತು ತಾಟಿಗೆ ಸೌಟು ಬಡಿಯುತ್ತಿದ್ದಾರೆ. ಜೋಳದ ಹೊಲದಲ್ಲಿ ಹಕ್ಕಿ ಹೊಡೆಯಲು ಬಡಿಯುತ್ತಾರಲ್ಲ, ಹಾಗೆ. ಮುಂದೆ ನಿಂತವಳು ಪಕ್ಕದ ಮನೆಯ ಬಳೆಗಾರ್ತಿ ನೂರ್ ಬೀ. ಬಳೆ ಇಡಿಸುವವಳಿಗೆ ಊರ ಮುಂಗೈಗಳೆಲ್ಲ ಗೊತ್ತು. ಯಾವುದು ಬಾತಿದೆ, ಯಾವುದು ನೀಲಿಗಟ್ಟಿದೆ, ಯಾವ ಹುಡುಗಿ ಕೈ ಮುಟ್ಟಿದರೆ ಬೆಚ್ಚುತ್ತಾಳೆ, ಎಲ್ಲ.

"ಏನಿದು ನಾಟಕ?"

"ಏನಿಲ್ಲ ದುರುಗಪ್ಪ ಭಾಯಿ, ನೀವು ಬಡೀರಿ, ನಾವೂ ಬಡೀತೀವಿ. ನೀವು ನಿಲ್ಸಿದ್ರ ನಾವೂ ನಿಲ್ಸತೀವಿ."

"ನನ್ನ ಮಗಳು, ನನ್ನ ಮನಿ. ನಿಮ್ಮ ಮನಿ ನೋಡ್ಕೋರಿ ಹೋಗ್ರಿ!"

"ಗ್ವಾಡಿ ಒಂದಾ ಅದ ಭಾಯಿ. ನೀವು ಬಚ್ಚಿಗೆ ಹೊಡದ್ರ ನಮ್ಮ ಮನ್ಯಾಗ ಗಡಿಗಿ ಅಲಗಾಡ್ತಾವ. ಗಡಿಗಿ ಒಡದ್ರ ಸರ್ಕಾರ ಕೊಡ್ತದೇನು?"

ಹಿಂದಿನಿಂದ ಯಾವಳೋ, "ಡಾಕ್ಟರ್ ಸಾಹೇಬ್ರ, ಮಗಳ ರಗತ ಗಾಜಿನ ಮ್ಯಾಲ ತಗೋರಿ, ಗ್ವಾಡಿ ಮ್ಯಾಲ ಯಾಕ?" ಎಂದಳು. ಕಿಸಿಕಿಸಿ ನಗೆ.

ಹೋದ ವರ್ಷ ಇದೇ ಓಣಿಯಲ್ಲಿ ಗಾರೆ ಕೆಲಸದ ಗೌಂಡಿಯೊಬ್ಬ ತನ್ನ ಮಗನ ಕೈ ತಿರುಚಿ ಮುರಿದ. ಇವರೆಲ್ಲ ಗೋಡೆಗೆ ಕಿವಿ ಹಚ್ಚಿ ಕೇಳಿದ್ದರು, ಒಬ್ಬಳೂ ಹೋಗಿರಲಿಲ್ಲ. ಆ ಹುಡುಗನ ಕೈ ಸೊಟ್ಟಗೆ ಕೂಡಿತು. ಆಮೇಲೆ ನಳದ ಮುಂದೆ ಸೇರಿ ತೀರ್ಮಾನ ಮಾಡಿಕೊಂಡರಂತೆ, ಮಗು ಅತ್ತರೆ ತಾಟು ಹಿಡಿದು ಹೋಗುವುದು ಎಂದು. ಬೈಯುವುದಿಲ್ಲ, ಮುಟ್ಟುವುದಿಲ್ಲ. ಬಡಿಯುವುದು ಅಷ್ಟೇ. ಇದಕ್ಕೆ ಪೊಲೀಸರಿಗೆ ಏನೆಂದು ದೂರು ಕೊಡಲಿ?

ಮೂರಕ್ಕೇ ನಿಲ್ಲಿಸಿದೆ. ತಾಟಿನ ಸದ್ದಿಗೆ ತಲೆ ಸಿಡಿಯುತ್ತಿತ್ತು, ಅದಕ್ಕೆ. ಅವರಿಗೆ ಹೆದರಿ ಅಲ್ಲ.

೧೦ ಜುಲೈ

ಗುಂಜಹಳ್ಳಿಯಲ್ಲಿ ತಾಟು ಬಡಿಯುವವರು ಇಲ್ಲ.

ಅಯ್ಯಮ್ಮನಿಗೆ ರಾಯಚೂರಿನಲ್ಲಿ ಡಾಕ್ಟರಿಗೆ ತೋರಿಸುತ್ತೇನೆಂದು ಹೇಳಿ ಹುಡುಗಿಯನ್ನು ಮೊದಲ ಬಸ್ಸಿಗೆ ಹತ್ತಿಸಿದೆ. ಜೊತೆಗೆ ಅವ್ವ. ಬಸ್ಸಿನ ಕಿಟಕಿಗೆ ಕೂರಿಸಿದ್ದಕ್ಕೆ ಅದಕ್ಕೆ ಖುಷಿ. ಎಮ್ಮೆ ಎಣಿಸಿತು. ನಲವತ್ತೊಂದು ಎಂದು ನನ್ನ ಕಡೆ ತಿರುಗಿ ಹೇಳಿತು, ಹೇಳಿದ ಮೇಲೆ ತಪ್ಪಾಯಿತೇನೋ ಎಂಬಂತೆ ಬಾಯಿ ಮುಚ್ಚಿಕೊಂಡಿತು.

ಮಾವ ಕನಕರಾಯ ಕುರಿಹಟ್ಟಿಯಲ್ಲೇ ಇದ್ದ. ಹೊಟ್ಟೆ ಉಬ್ಬಿದ ಕುರಿಗೆ ಬರೆ ಎಳೆಯುವುದು ಅವನ ಕಸುಬು. ಹೊಟ್ಟೆ ಉಬ್ಬಿದ ಕೂಸಿಗೂ ಎಳೆಯುತ್ತಾನೆ. "ಕುರಿಗೂ ಒಂದಾ, ಕೂಸಿಗೂ ಒಂದಾ ಅಳಿಯಾ. ಕಬ್ಬಿಣಕ್ಕ ಭೇದ ಇಲ್ಲ," ಎಂದು ಕುಳ್ಳಿನ ಕೆಂಡದಲ್ಲಿ ಕುಡುಗೋಲಿನ ತುದಿ ಇಟ್ಟ. ಕಣ್ಣು ಮಂಜಾಗಿವೆ, ಕೈ ನಡುಗುತ್ತದೆ. ಆದರೂ ಲಂಗ ಸರಿಸಿ ಜಾಗ ನೋಡಿದ ಕೂಡಲೇ ನಡುಕ ನಿಂತಿತು.

ಅವ್ವ ಕಾಲು ಹಿಡಿದಳು. ಕೈ ನಾನು ಹಿಡಿದೆ.

ಎರಡು ಗೆರೆ.

ಅದು ಕೂಗಲಿಲ್ಲ. ಕಬ್ಬಿಣ ನೋಡಲಿಲ್ಲ, ಮಾವನನ್ನೂ ನೋಡಲಿಲ್ಲ. ನನ್ನ ಮುಖವನ್ನೇ ನೋಡುತ್ತಿತ್ತು. "ಕುರೀನೂ ಇಷ್ಟು ಸುಮ್ಮನ ಇರಂಗಿಲ್ಲಲೇ, ಗಟ್ಟಿ ಕೂಸು," ಎಂದ ಮಾವ. ಚರ್ಮದ ವಾಸನೆಗೆ ಹಟ್ಟಿಯ ನಾಯಿ ಎದ್ದು ಬಂತು.

ರಾಯಚೂರು ಬಸ್‌ಸ್ಟ್ಯಾಂಡಿನಲ್ಲಿ ಬೆಂಡು ಬೆತ್ತಾಸು ಕೊಡಿಸಿದೆ. ದೇವದುರ್ಗದವರೆಗೂ ಮುಷ್ಟಿಯಲ್ಲೇ ಹಿಡಿದುಕೊಂಡಿತ್ತು. ಇಳಿಯುವಾಗ ಬೆತ್ತಾಸು ಕರಗಿ ಕೈ ಅಂಟಂಟಾಗಿತ್ತು. ಸಿಟ್ಟು ಬರಲಿಲ್ಲ. ತಲೆನೋವು ಮಾತ್ರ ಬಹಳ.

೧೧ ಜುಲೈ

ಒದ್ದೆ.

೧೬ ಜುಲೈ

ಹುಡುಗಿಗೆ ಜ್ವರ. ಮೂರು ದಿನದಿಂದ ಇದೆ. ನಾನು ಬೆರಳು ಚುಚ್ಚಿ ಗಾಜಿಗೆ ರಕ್ತ ತೆಗೆದೆ, ಮಲೇರಿಯಾದ ಕಹಿ ಗುಳಿಗೆ ಅರ್ಧರ್ಧ ಮಾಡಿ ನುಂಗಿಸಿದೆ. ಹನ್ನೆರಡು ವರ್ಷದ ಸರ್ವಿಸು. ಜ್ವರ ಎಂದರೆ ನನ್ನ ಕೈ ತಾನಾಗಿ ಸೂಜಿಗೆ ಹೋಗುತ್ತದೆ.

ಅಯ್ಯಮ್ಮ, "ಹೊಟ್ಟಿ ನೋಡ್ರಿ, ಹೊಟ್ಟಿ!" ಎಂದಳು. ನೋಡಲಿಲ್ಲ. ಈ ಓಣಿಯ ಬಚ್ಚಲುಗಳಲ್ಲಿ ಸೊಳ್ಳೆ ಇವೆ, ಮಲೇರಿಯಾ ಇರಬಹುದು ಎಂದೆ.

ದವಾಖಾನೆಗೆ ಒಯ್ದರೆ ಬರೆ ಯಾರು ಹಾಕಿಸಿದ್ದು ಎಂದು ಕೇಳುತ್ತಾರೆ. ಬರೆ ಹಾಕಬೇಡಿರೆಂದು ಹೇಳುವ ಚಿತ್ರಪಟದ ಚೀಲ ನನ್ನ ಸೈಕಲ್ಲಿಗೇ ತೂಗಿದೆ.

೧೯ ಜುಲೈ

ಹಳ್ಳಿಯಿಂದ ಬಂದಾಗ ಮನೆಯಲ್ಲಿ ಅವ್ವ ಒಬ್ಬಳೇ. ಎದೆ ಬಡಿದುಕೊಳ್ಳುತ್ತಿದ್ದಳು.

"ನಿನ್ನ ಹೇಣ್ತಿ ಹಿತ್ತಲ ಗ್ವಾಡಿ ಮ್ಯಾಲಿಂದ ಕೂಸಿನ್ನ ಆ ತುರುಕರಾಕಿ ಕೈಗೆ ಕೊಟ್ಟಳೋ! ಜ್ವಾಳದ ಚೀಲ ಕೊಟ್ಟಂಗ ಕೊಟ್ಟಳೋ! ಓಣಿ ರಂಡೇರೆಲ್ಲಾ ಕೂಡಿ ಬಸ್ಸಿಗೆ ಹಾಕ್ಕೊಂಡು ರಾಯಚೂರಿಗೆ ಹೋದ್ರು."

ಒಲೆ ಊದುವುದನ್ನು ಬಿಟ್ಟರೆ ಹನ್ನೊಂದು ವರ್ಷದಲ್ಲಿ ಆಕೆ ಏನನ್ನೂ ಮಾಡಿದ್ದನ್ನು ನಾನು ಕಂಡಿರಲಿಲ್ಲ.

ಬರಲಿ. ಕಾಲು ಮುರಿಯುತ್ತೇನೆ.

೨೦ ಜುಲೈ, ರಾಯಚೂರು

ಕಾಲು ಮುರಿಯಲೆಂದೇ ಹೋದೆ.

ಮಕ್ಕಳ ವಾರ್ಡಿನ ನೆಲದ ಮೇಲೆ ಆರು ಹೆಂಗಸರು ಗೋಣಿಚೀಲ ಹಾಸಿ ಕೂತಿದ್ದರು. ಅಯ್ಯಮ್ಮ ನನ್ನನ್ನು ಕಂಡು ಎದ್ದಳು. ಉಳಿದ ಐದು ಮಂದಿಯೂ ಎದ್ದರು. ಮಂಚದ ಮೇಲೆ ಅದು ಕಣ್ಣು ಮುಚ್ಚಿ ಮಲಗಿತ್ತು, ಕೈಗೆ ಸಲೈನು. ಗಾಯ ಕೊಳೆತು ವಿಷ ರಕ್ತಕ್ಕೆ ಏರಿದೆಯಂತೆ, ಇನ್ನೂ ಎರಡು ದಿನ ಏನೂ ಹೇಳಲಾಗದಂತೆ.

ಡಾಕ್ಟರಮ್ಮ ಬಂದರು. ಅದೇ ಡಾಕ್ಟರಮ್ಮ. ಗಾಯದ ಬಟ್ಟೆ ಬಿಚ್ಚಿ ಬಹಳ ಹೊತ್ತು ನೋಡಿದರು, ಆಮೇಲೆ ನನ್ನನ್ನು ನೋಡಿದರು.

"ಅಂಗಿ ಎತ್ರಿ."

"ಅಮ್ಮಾರ, ಹೆಣ್ಮಕ್ಕಳು ಅದಾರ..."

"ಎತ್ರಿ."

ಎತ್ತಿದೆ. ಮಂಚದ ಮೇಲೆ ಎರಡು ಗೆರೆ, ನನ್ನ ಹೊಟ್ಟೆಯ ಮೇಲೆ ಎರಡು ಗೆರೆ. ಅಷ್ಟೇ ಉದ್ದ, ಎಡಕ್ಕೆ ಅಷ್ಟೇ ವಾಲಿದವು.

"ಒಂದಾ ಕೈ," ಎಂದರು ಡಾಕ್ಟರಮ್ಮ. ಬೈಯಲಿಲ್ಲ. "ನೆನಪಿಲ್ಲ ಅಂದಿದ್ರಿ. ಕರಕೊಂಡು ಹೋಗಾಕ ಮಾತ್ರ ದಾರಿ ನೆನಪಿತ್ತು."

ನೂರ್ ಬೀ ಇನ್ನೊಬ್ಬಳಿಗೆ ಹೇಳಿದಳು: "ಮನುಷ್ಯ ಹೊಲ ಬರದು ಕೊಡ್ತಾನ, ಮನಿ ಬರದು ಕೊಡ್ತಾನ. ಇಂವ ನೋಡು, ಬರಿ ಬರದು ಕೊಟ್ಟಾನ."

ಒಬ್ಬಳೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

೨೨ ಜುಲೈ

ಬದುಕುತ್ತದೆ ಎಂದರು.

೪ ಆಗಸ್ಟ್, ದೇವದುರ್ಗ

ಬಾಲಮ್ಮ ಓಣಿಗೆ ಬಂದಿದ್ದಾಳೆ, ಮನೆಗೆ ಬಂದಿಲ್ಲ. ನಮ್ಮ ಹೊಸ್ತಿಲ ಮುಂದೆ ಬಂದು ನಿಂತವಳು ಮುಂದೆ ಹೆಜ್ಜೆ ಇಡಲಿಲ್ಲವಂತೆ. ನೂರ್ ಬೀ ಕೈ ಹಿಡಿದು ತನ್ನ ಮನೆಗೆ ಕರೆದೊಯ್ದಳು. ಅಯ್ಯಮ್ಮ ದಿನಕ್ಕೆ ಎರಡು ಸಲ ಅಲ್ಲಿಗೆ ಹೋಗಿ ಬರುತ್ತಾಳೆ, ನನ್ನನ್ನು ಕೇಳುವುದಿಲ್ಲ.

ಅವರ ಮನೆಯೊಳಗೆ ಏನು ನಡೆಯುತ್ತದೆಂದು ಗೋಡೆಯಾಚೆಯಿಂದ ಕೇಳುತ್ತದೆ. ಇಷ್ಟು ದಿನ ಅವರು ನಮ್ಮದನ್ನು ಕೇಳಿದರು, ಈಗ ನಾನು ಅವರದ್ದನ್ನು. ಓಣಿಯ ಒಂದೊಂದು ಮನೆಯಿಂದ ಒಂದೊಂದು ಹಳೆ ಸೀರೆ ಕೊಟ್ಟಿದ್ದಾರೆ. ಐದಾರು ಹೆಂಗಸರು ಕೂತು ಕೌದಿ ಹೊಲಿಯುತ್ತಿದ್ದಾರೆ. ಒಂದಲ್ಲ, ಏಳು! ಬೆಳಿಗ್ಗೆ ಒದ್ದೆಯಾದದ್ದನ್ನು ಯಾರೂ ಏನೂ ಅನ್ನದೆ ತೊಳೆಯುವ ಅರಿವೆಗಳ ಜೊತೆ ಹಾಕಬೇಕು, ಒಣಗಿದ್ದನ್ನು ಹಾಸಬೇಕು. ಮಾತೆತ್ತಿದವಳಿಗೆ ತಾಟು.

ನೂರ್ ಬೀಯ ಗಂಡ ಅಲ್ಲಾಉದ್ದೀನ್ ಉಳ್ಳಾಗಡ್ಡಿ ವ್ಯಾಪಾರಿ. ಅವನು ಗೊಣಗಿದ: "ಅರೆ, ಉಚ್ಚಿಗೆ ಇಷ್ಟು ಇಂತಜಾಮ್ ನವಾಬರ ಮನ್ಯಾಗೂ ಇರ್ಲಿಲ್ಲ."

"ನೀವು ಸುಮ್ಮನ ಬಿದ್ದುಕೋರಿ. ನಿಮ್ಮ ಗೊರಕಿಗೆ ನಾವು ಏನರ ಅಂದೀವೇನು?"

ಹುಡುಗಿ ನಕ್ಕ ಸದ್ದು ಕೇಳಿತು. ಮೊದಲು ಬೇರೆ ಯಾರೋ ಎಂದುಕೊಂಡೆ.

೧೨ ಆಗಸ್ಟ್

ಜೂನಿನಲ್ಲಿ ಇದೇ ಬುಕ್ಕಿನಲ್ಲಿ ಒಂದು ಸುಳ್ಳು ಬರೆದಿದ್ದೇನೆ. ಯಾರಿಗೂ ತೋರಿಸದ ಬುಕ್ಕಿನಲ್ಲಿ ಸುಳ್ಳು ಯಾಕೆ ಬರೆದೆನೋ.

ಬರೆ ಹಾಕಿದ ಮೇಲೆ ನನ್ನದು ನಿಂತಿರಲಿಲ್ಲ. ಹಾಸಿಗೆ ಬಿಟ್ಟೆ, ಅಷ್ಟೇ. ನಮ್ಮ ಕುರಿಗಳ ಜೊತೆ ಹಟ್ಟಿಯ ನೆಲದ ಮೇಲೆ ಮಲಗಲು ಕಲಿತೆ. ಕುರಿಯ ಉಚ್ಚೆಯಲ್ಲಿ ನನ್ನ ಉಚ್ಚೆ ಯಾರಿಗೂ ಕಾಣುತ್ತಿರಲಿಲ್ಲ. ಮಗ ಕುರಿಗೆ ಕಾವಲು ಮಲಗುತ್ತಾನೆ ಎಂದು ಅವ್ವ ಮಂದಿಯ ಮುಂದೆ ಹೆಮ್ಮೆ ಪಡುತ್ತಿದ್ದಳು. ಹಾಗೆ ಹದಿನಾಲ್ಕು ವರ್ಷದವರೆಗೆ.

ಆ ವರ್ಷ ಅಪ್ಪ ಸತ್ತ. ಮಣ್ಣು ಮಾಡಿ ಬಂದು ಮಲಗಿದೆ. ಬೆಳಿಗ್ಗೆ ಎದ್ದು ನೋಡಿದರೆ ಒದ್ದೆ ಆಗಿರಲಿಲ್ಲ. ಮರುದಿನವೂ. ಆಮೇಲೆ ಎಂದೂ ಇಲ್ಲ.

ಇದನ್ನು ನಾನು ಹಿಂದೆ ಕೂಡಿಸಿ ನೋಡಿರಲಿಲ್ಲ. ಎರಡು ವರ್ಷದ ಹಿಂದೆ ಬಾಲಮ್ಮನದು ಯಾಕೆ ಶುರುವಾಯಿತು? ಎರಡು ವರ್ಷದ ಹಿಂದೆ ನಾನು ಬೆಲ್ಟು ಕೊಂಡೆ. ಅದಕ್ಕೂ ಮೊದಲು ಕೈಯಲ್ಲೇ ಹೊಡೆಯುತ್ತಿದ್ದೆ.

೨ ಸೆಪ್ಟೆಂಬರ್

ಹಿತ್ತಲ ಗೋಡೆಯ ಹತ್ತಿರ ಹೋದೆ. ಬಾಲಮ್ಮ ಆ ಕಡೆ ಬಳೆ ಚೂರು ಪೋಣಿಸುತ್ತ ಕೂತಿದ್ದಳು. ಮೆಲ್ಲಗೆ, ಆದಷ್ಟು ಮೆಲ್ಲಗೆ ಕರೆದೆ. ಎದ್ದು ನಿಂತಳು. ಕಾಲ ಕೆಳಗೆ ನೆಲ ಒದ್ದೆಯಾಯಿತು. ನಾನು ನೋಡದವನಂತೆ ಬೇವಿನ ಮರ ನೋಡಿದೆ.

"ಮನಿಗೆ ಬರ್ತಿಯೇನವ್ವಾ?"

"ಬರ್ತೀನಿ ಯಪ್ಪಾ."

"ಯಾವಾಗ?"

"ನೀ ಇಲ್ಲದಾಗ."

ಹಠದಲ್ಲಿ ಹೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಎಂದರೆ ಹೇಳುತ್ತಾರಲ್ಲ, ಹಾಗೆ. ನಾನು ಹೊಡೆಯುವುದಿಲ್ಲ ಎಂದೆ. "ಹೂಂ," ಎಂದಳು. ಬೆಲ್ಟು ಬಾವಿಗೆ ಎಸೆದೆ ಎಂದೆ. "ಹೂಂ," ಎಂದಳು. ನಾನು ಇನ್ನೂ ಏನೇನೋ ಹೇಳಿದೆ. ಅವಳು ಎಲ್ಲಕ್ಕೂ "ಹೂಂ" ಎಂದಳು. ನಾನು ಹೋಗುವವರೆಗೂ ಅಲುಗಾಡಲಿಲ್ಲ.

೮ ಸೆಪ್ಟೆಂಬರ್

ಅವಳ ಕೌದಿ ಒಣಗಲೆಂದು ನಾನು ಅಪ್ಪನ ಹಾಗೆ ಸಾಯಲಾರೆ. ಬಿ.ಪಿ. ಮೇಲೆ ಬಿಟ್ಟರೆ ಎಷ್ಟು ವರ್ಷ ಹಿಡಿಯುತ್ತದೋ. ಮಾನ್ವಿಯಲ್ಲಿ ಮೂರು ತಿಂಗಳ ಬದಲಿ ಕೆಲಸಕ್ಕೆ ಯಾರೂ ಒಪ್ಪುತ್ತಿಲ್ಲ ಎಂದು ಆಫೀಸಿನಲ್ಲಿ ಮಾತು ಬಂತು. ನಾನು ಕೈ ಎತ್ತಿದೆ.

ಅವ್ವ, "ಹೆಣ್ಣು ಕೂಸಿಗೆ ಹೆದರಿ ಮನಿ ಬಿಡ್ತಿಯೇನಲೇ ಗಂಡಸಾ?" ಎಂದಳು. ಅಯ್ಯಮ್ಮ ಬಟ್ಟೆ ಮಡಚಿ ಟ್ರಂಕಿಗೆ ಹಾಕಿದಳು. ಇರಿ ಎನ್ನಲಿಲ್ಲ. ಅವ್ವ ಇನ್ನು ಕೌದಿ ಹೊರಿಸಿದರೆ ಏನು ಮಾಡುತ್ತಿ ಎಂದು ಕೇಳಿದೆ. "ನನ್ನತ್ರಾನೂ ತಾಟು ಅದ," ಎಂದಳು.

೧೯ ಸೆಪ್ಟೆಂಬರ್, ಮಾನ್ವಿ

ಒಂದು ಖೋಲಿ, ಒಂದು ಸ್ಟೋವು. ಇಲ್ಲಿಯೂ ಜ್ವರ, ಇಲ್ಲಿಯೂ ಬೆರಳು. ಇತ್ತೀಚೆಗೆ ಮಕ್ಕಳ ಬೆರಳು ಚುಚ್ಚುವ ಮೊದಲು ಇಂಥದ್ದು ಮಾಡುತ್ತೇನೆ, ಇಷ್ಟು ನೋಯುತ್ತದೆ ಎಂದು ಹೇಳುತ್ತೇನೆ. ಕೆಲಸ ತಡವಾಗುತ್ತದೆ. ಮೇಲಿನವರು ಸ್ಲೈಡು ಕಡಿಮೆ ಬಂದಿವೆ ಎಂದು ಮೆಮೊ ಕೊಟ್ಟಿದ್ದಾರೆ.

೭ ಅಕ್ಟೋಬರ್

ಉಣ್ಣುತ್ತಿದ್ದೆ. ಎದುರು ಮನೆಯಲ್ಲಿ ಯಾರೋ ಮಗುವನ್ನು ಬಡಿಯುತ್ತಿದ್ದರು. ತಾಟು ಹಿಡಿದುಕೊಂಡೇ ಹೊರಗೆ ಹೋಗಿ ನಿಂತಿದ್ದೆ. ಅನ್ನವೆಲ್ಲ ಚೆಲ್ಲಿತ್ತು. ಒಬ್ಬನೇ ಬಡಿದರೆ ಹುಚ್ಚನೆನ್ನುತ್ತಾರೆ. ಅಂದರು ಕೂಡ.

ಬಿ.ಪಿ. ನೂರಾ ಅರವತ್ತು.

೨೮ ನವೆಂಬರ್

ಅಯ್ಯಮ್ಮ ಮಾನ್ವಿಗೆ ಬಂದು ಚಳಿಗೆ ಕಂಬಳಿ ಕೊಟ್ಟಳು. ಮುಖಕ್ಕೆ ಕಳೆ ಬಂದಿದೆ.

"ಬಾಲಿ ಮನ್ಯಾಗ ಅದಾಳ್ರೀ. ನೀವು ಬಸ್ಸು ಹತ್ತಿದ ಸಂಜಿನಾ ಬಂದ್ಳು. ನಾಕು ದಿನ ಹೊಯ್ದಳು, ಐದನೇ ದಿನದಿಂದ ಕೌದಿ ಒಣಗೇ ಅದ. ದೀಪಾವಳಿ ಪಟಾಕಿ ಸದ್ದಿಗೂ ಒದ್ದಿ ಆಗಿಲ್ರೀ!"

ಅಯ್ಯಮ್ಮ ಇಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಸಂತೋಷದ ಸುದ್ದಿಯನ್ನು ಸಂತೋಷದಿಂದಲೇ ಹೇಳಿದಳು. ಆಮೇಲೆ ಅವಳಿಗೇ ಏನೋ ಹೊಳೆದು ಸೆರಗಿನ ತುದಿ ಹಿಡಿದುಕೊಂಡಳು.

"ಒಳ್ಳೇದಾತು," ಎಂದೆ.

ಅವಳು ಇನ್ನೊಂದು ಹೇಳಿದಳು. ಅವ್ವ ಓಣಿ ಓಣಿ ತಿರುಗಿ ಸಾರುತ್ತಿದ್ದಾಳಂತೆ: "ನೋಡ್ರಿ, ಬರಿ ತಡವಾಗಿ ಫಲ ಕೊಡ್ತು, ಆದ್ರ ಕೊಟ್ಟಿತು!" ಕೆಳಗಿನ ಓಣಿಯಲ್ಲಿ ಏಳು ವರ್ಷದ ಹೀರಾಬಿ ಎಂಬ ಹುಡುಗಿ ಇದ್ದಾಳೆ, ಅದಕ್ಕೂ ಇದೇ ತ್ರಾಸು. ಅವಳ ಅಪ್ಪನಿಗೆ ಅವ್ವ ಗುಂಜಹಳ್ಳಿಯ ದಾರಿ ಹೇಳಿಕೊಟ್ಟಿದ್ದಾಳೆ. ಬರುವ ಗುರುವಾರ ಹೋಗುತ್ತಾರಂತೆ. ರಗತದ ದುರುಗಪ್ಪನೇ ತನ್ನ ಮಗಳಿಗೆ ಹಾಕಿಸಿದ ಮೇಲೆ ನಮ್ಮದೇನು ಎನ್ನುತ್ತಾ‌ರಂತೆ.

ಆಫೀಸಿನ ಹಾಳೆ ತೆಗೆದು ಬರೆದೆ. 'ಬರೆಯಿಂದ ನನ್ನ ಮಗಳ ತ್ರಾಸು ನಿಂತಿಲ್ಲ. ಬರೆಯಿಂದ ಅವಳು ಸಾಯುತ್ತಿದ್ದಳು. ಅವಳ ಅಪ್ಪನಾದ ನಾನು ಅವಳನ್ನು ದಿನಾ ಹೊಡೆಯುತ್ತಿದ್ದೆ. ನಾನು ಮನೆ ಬಿಟ್ಟ ಐದನೆಯ ದಿನಕ್ಕೆ ನಿಂತಿತು. ನನಗೂ ಚಿಕ್ಕಂದಿನಲ್ಲಿ ಬರೆ ಹಾಕಿಸಿದ್ದರು, ನನ್ನದೂ ಬರೆಯಿಂದ ನಿಂತಿರಲಿಲ್ಲ.' ಕೆಳಗೆ ಪೂರ್ತಿ ಹೆಸರು, ಹುದ್ದೆ, ಸಹಿ.

"ನೂರ್ ಬೀ ಕೈಗೆ ಕೊಡು. ತಾಟು ಬಡಿದು ಮಂದಿ ಕೂಡಿಸಿ ಓದಿಸಲಿ."

"ನಿಮ್ಮ ಮರ್ಯಾದಿ...?"

"ಓದಿಸಲಿ."

೩ ಡಿಸೆಂಬರ್

ಅಲ್ಲಾಉದ್ದೀನ್ ಉಳ್ಳಾಗಡ್ಡಿ ತಗೊಂಡು ಮಾನ್ವಿ ಸಂತೆಗೆ ಬಂದಿದ್ದ. ನನ್ನನ್ನು ಹುಡುಕಿಕೊಂಡು ಬಂದು ಚಹಾ ಕುಡಿಯುತ್ತ ಹೇಳಿದ.

"ಓದಿಸಿದ್ರು ಭಾಯಿ, ನಳದ ಮುಂದ. ನಿಮ್ಮ ಅಮ್ಮಾ 'ನನ್ನ ಮಗನ ತಲಿ ಕೆಟ್ಟದ, ಬಿ.ಪಿ. ಮಿದುಳಿಗೆ ಏರ್ಯಾದ' ಅಂತ ಮಣ್ಣು ತೂರಿದ್ಳು. ಆ ಹುಡುಗಿ ಅಪ್ಪ ಕೇಳ್ಲಿಲ್ಲ. ಗುರುವಾರ ಬಸ್ಸು ಹತ್ತೇಬಿಟ್ಟ."

"ಹೋದ್ರೇನು?"

"ಎಲ್ಲಿ ಹೋಗ್ತಾರ? ಮೂವತ್ತು ಮಂದಿ ಬಸ್ಸಿನ ಮುಂದ ಕುಂತ್ರು, ತಾಟು ಬಡಕೋತ. ಡ್ರೈವರ್ ಇಳಿದು ಕೈ ಮುಗಿದ. ಕಂಡಕ್ಟರ್ 'ಯಾರ್ರೀ ಆ ಕೂಸಿನ ಅಪ್ಪ, ಇಳೀರಿ, ನನಗ ಟೈಮಾತು' ಅಂತ ಒದರಿದ. ನಿಮ್ಮ ಬಾಲಮ್ಮ ಮುಂದಿನ ಸಾಲಿನ್ಯಾಗ ಕುಂತಿದ್ಳು. ಸಣ್ಣ ತಾಟು, ಆದ್ರ ಏನು ಬಡದ್ಳು!" ಅವನು ಬಸಿಯಲ್ಲಿ ಉಳಿದ ಚಹಾ ಹೀರಿದ. "ಈಗ ನಮ್ಮ ಮನ್ಯಾಗ ಎರಡನೇ ಹುಡುಗಿ. ಮತ್ತ ಏಳು ಕೌದಿ. ನಾ ಎಲ್ಲಿ ಮಲಗ್ಲಿ ಹೇಳ್ರಿ?"

ನಾನು ಸಂತೆಯ ನಡುವೆ ಜೋರಾಗಿ ನಕ್ಕೆ. ಅವನು ಗಾಬರಿಯಾಗಿ ನೋಡಿದ.

"ನಿಮ್ದು ಇನ್ನು ಎಷ್ಟು ದಿನ ಅದ ಭಾಯಿ ಇಲ್ಲಿ? ತಿಂಗಳ ಕಡೀಗೆ ಬರ್ತೀರಂತ ಹೌದೇನು? ಬಚ್ಚಿ ದಿನಾ ಕೇಳ್ತಾಳ."

"ಬರ್ಲಿ ಅಂತೇನು?"

ಒಳ್ಳೆಯ ಮನುಷ್ಯ, ಸುಳ್ಳು ಹೇಳಲು ಬಾಯಿ ತೆರೆದು ಮುಚ್ಚಿದ.

"ದಿನ ಎಣಸ್ತಾಳ ಭಾಯಿ," ಎಂದ.

೫ ಡಿಸೆಂಬರ್

ಮಾನ್ವಿಯಲ್ಲೇ ಕಾಯಂ ಮಾಡಿರೆಂದು ಅರ್ಜಿ ಬರೆದು ಆಫೀಸಿನ ಗುಮಾಸ್ತ ಜಿಲಾನಿ ಪಾಷಾನ ಮೇಜಿನ ಮೇಲಿಟ್ಟೆ. ಓದಿ ಕನ್ನಡಕ ತೆಗೆದ.

"ಅರೆ ದುರುಗಪ್ಪ, ಕಾರಣ ಮಗಳ ಆರೋಗ್ಯ ಅಂತ ಬರದಿ. ಹಂಗ ಬರದೋರೆಲ್ಲಾ ಮನೀ ಹತ್ರ ಹಾಕ್ರಿ ಅಂತ ಕೇಳ್ತಾರ. ನೀ ನೋಡಿದ್ರ ದೂರನಾ ಇಡ್ರಿ ಅಂತೀ. ಸಾಹೇಬ್ರು ನನ್ನ ಮಾರಿಗೆ ಬಿಸಾಕ್ತಾರ. ಎಲ್ಲೋ ತಪ್ಪು ಬರದಿ ನೋಡು, ತಿದ್ದು."

"ತಪ್ಪಿಲ್ರೀ," ಎಂದೆ. "ಸಿಕ್ಕಾ ಒತ್ರಿ."

ಒತ್ತಿದ.